ಕೊಲೆಗೆ ಮುಂಚೆಯೇ ಕೊಲೆಯ ಸುದ್ದಿ?

1963ರ ನವೆಂಬರ್ 23ರ ಶನಿವಾರ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ ‘ಕ್ರೈಸ್ಟ್‌ಚರ್ಚ್ ಸ್ಟಾರ್’ ಎಂಬ ಸಂಜೆ ಪತ್ರಿಕೆ ಎಂದಿನಂತೆ ಹೊರಬಂತು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಡಲ್ಲಾಸ್ ನಗರದಲ್ಲಿ ಗುಂಡಿಗೆ ಬಲಿಯಾದ ಸುದ್ದಿಯ ಜೊತೆಗೆ, ಲೀ ಹಾರ್ವೆ ಓಸ್ವಾಲ್ಡ್ ಎಂಬ ಇಪ್ಪತ್ತನಾಲ್ಕು ವರ್ಷದ ಯುವಕನ ಪೂರ್ವೇತಿಹಾಸವೂ ಭಾವಚಿತ್ರವೂ ಅದರಲ್ಲಿ ಅಚ್ಚಾಗಿದ್ದವು. ಆ ದಿನ ಅದೇ ಊರಿನಲ್ಲಿದ್ದ ಅಮೆರಿಕದ ವಾಯುಪಡೆಯ ಕರ್ನಲ್ ಫ್ಲೆಚರ್ ಪ್ರೌಟಿ ಆ ಪತ್ರಿಕೆಯನ್ನು ಕೊಂಡು ಓದಿದರು. ಮುಂದೆ ಅವರಿಗೆ ಒಂದು ಸಂಶಯ ಹುಟ್ಟಿತು. ಡಲ್ಲಾಸಿನ ಪೊಲೀಸರು ಅಧ್ಯಕ್ಷರ ಕೊಲೆಯ ಆರೋಪವನ್ನು ಓಸ್ವಾಲ್ಡ್‌ನ ಮೇಲೆ ಹೊರಿಸುವುದಕ್ಕೂ ಮುಂಚೆಯೇ ಭೂಮಿಯ ಇನ್ನೊಂದು ತುದಿಯ ಪತ್ರಿಕೆಗೆ ಅವನ ಜಾತಕವೆಲ್ಲ ತಿಳಿದದ್ದು ಹೇಗೆ? ಯಾರೋ ಮೊದಲೇ ಸಿದ್ಧಪಡಿಸಿ ಇಟ್ಟಿದ್ದನ್ನು ಹಂಚಿರಬೇಕಲ್ಲವೇ? 1991ರಲ್ಲಿ ತೆರೆಕಂಡ ಆಲಿವರ್ ಸ್ಟೋನ್ ಅವರ ‘ಜೆಎಫ್‌ಕೆ’ ಚಿತ್ರದಲ್ಲಿ ಹೆಸರಿಲ್ಲದ ಅಧಿಕಾರಿಯೊಬ್ಬ ಈ ಮಾತನ್ನೇ ಆಡುತ್ತಾನೆ. ಅಲ್ಲಿಂದ ಅದು ಜಗತ್ತಿನಾದ್ಯಂತ ಹರಡಿತು.

ಇದಕ್ಕೆ ಉತ್ತರ ಹುಡುಕಲು ರಹಸ್ಯ ಕಡತಗಳು ಬೇಕಾಗಿಲ್ಲ, ಒಂದು ಗಡಿಯಾರ ಸಾಕು. ಡಲ್ಲಾಸಿನಲ್ಲಿ ಗುಂಡು ಹಾರಿದ್ದು ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ. ನ್ಯೂಜಿಲೆಂಡ್ ಆಗ ಡಲ್ಲಾಸಿಗಿಂತ ಹದಿನೆಂಟು ಗಂಟೆ ಮುಂದಿತ್ತು. ಅಂದರೆ ಅಲ್ಲಿ ಶನಿವಾರ ಬೆಳಗ್ಗೆ ಆರೂವರೆ. (ನಮ್ಮ ದೇಶದಲ್ಲಿ ಆಗ ಸರಿಯಾಗಿ ನಡುರಾತ್ರಿ, ಡಲ್ಲಾಸಿನ 22ನೇ ತಾರೀಖು ನಮಗೆ 23 ಆಗುತ್ತಿದ್ದ ಗಳಿಗೆ.) ಓಸ್ವಾಲ್ಡ್ ಒಂದು ಚಿತ್ರಮಂದಿರದಲ್ಲಿ ಸೆರೆ ಸಿಕ್ಕಾಗ ನ್ಯೂಜಿಲೆಂಡಿನಲ್ಲಿ ಬೆಳಗಿನ ಎಂಟು ಗಂಟೆಯೂ ಆಗಿರಲಿಲ್ಲ. ಸಂಜೆ ಪತ್ರಿಕೆಯ ಸಂಪಾದಕನಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಜಾತಕ ಎಲ್ಲಿಂದ ಬಂತು ಎಂದರೆ, ಓಸ್ವಾಲ್ಡ್ ಪತ್ರಿಕೆಗಳಿಗೆ ಹೊಸಬನೇನೂ ಆಗಿರಲಿಲ್ಲ. 1959ರಲ್ಲಿ ಅಮೆರಿಕದ ಪೌರತ್ವ ಬಿಡುತ್ತೇನೆಂದು ಹೇಳಿ ಸೋವಿಯತ್ ಒಕ್ಕೂಟಕ್ಕೆ ಹೋದಾಗಲೇ ಅವನು ಸುದ್ದಿಯಾಗಿದ್ದ. 1963ರ ಆಗಸ್ಟಿನಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಕ್ಯೂಬಾ ಪರವಾಗಿ ಕರಪತ್ರ ಹಂಚಲು ಹೋಗಿ ಬೀದಿಜಗಳ ಮಾಡಿಕೊಂಡು ಠಾಣೆಯ ಮೆಟ್ಟಿಲು ಹತ್ತಿದ್ದ, ರೇಡಿಯೋ ಚರ್ಚೆಯಲ್ಲೂ ಮಾತಾಡಿದ್ದ. ಸುದ್ದಿಸಂಸ್ಥೆಗಳ ಹಳೆಯ ಕಡತಗಳಲ್ಲಿ ಅವನ ಹೆಸರೂ ಚಿತ್ರವೂ ಕುಳಿತಿದ್ದವು. ಹೆಸರು ತಿಳಿದ ಮೇಲೆ ಅವನ್ನು ತೆಗೆಯಲು ಎಷ್ಟು ಹೊತ್ತು ಬೇಕು?

ಉಳಿಯುವುದು ಒಂದು ಶಬ್ದದ ಚಮತ್ಕಾರ ಮಾತ್ರ. ಅಧ್ಯಕ್ಷರ ಕೊಲೆಯ ಆರೋಪವನ್ನು ಓಸ್ವಾಲ್ಡ್‌ನ ಮೇಲೆ ನ್ಯಾಯಾಧೀಶರ ಮುಂದೆ ವಿಧಿವತ್ತಾಗಿ ಹೊರಿಸಿದ್ದು ಆ ರಾತ್ರಿ ಕಳೆದು ಬೆಳಗಿನ ಜಾವ ಒಂದೂವರೆಯ ಹೊತ್ತಿಗೆ. ‘ಆರೋಪಕ್ಕೆ ಮುಂಚೆ’ ಎಂಬುದು ಅಕ್ಷರಶಃ ನಿಜ. ಆದರೆ ಬಂಧನಕ್ಕೆ ಮುಂಚೆ ಎಂದೇನೂ ಅದರಿಂದ ಸಿದ್ಧವಾಗುವುದಿಲ್ಲ.

ರಾಜಕೀಯ ಕೊಲೆಗಳು ನಡೆದಾಗಲೆಲ್ಲ ಹೀಗೆ ‘ಮೊದಲೇ ಗೊತ್ತಿತ್ತು’ ಎನ್ನುವ ಕಥೆಗಳು ಹುಟ್ಟುತ್ತವೆ. ಪಿತೂರಿಯ ವಾದ ಹೂಡುವವರಿಗೆ ಇದಕ್ಕಿಂತ ದೊಡ್ಡ ಆಧಾರವಿಲ್ಲ. ಮೊದಲೇ ಗೊತ್ತಿದ್ದವರು ಇದ್ದರು ಎಂದಾದರೆ ಸಂಚು ಇದ್ದಿರಲೇಬೇಕು, ತಡೆಯಲಿಲ್ಲ ಎಂದಾದರೆ ತಡೆಯಬೇಕಾದವರೂ ಅದರಲ್ಲಿ ಪಾಲುದಾರರೇ ಎಂಬುದು ಅವರ ಲೆಕ್ಕಾಚಾರ. ಈ ಕಥೆಗಳನ್ನೆಲ್ಲ ಸಾರಾಸಗಟಾಗಿ ತಳ್ಳಿಹಾಕುವುದೂ ಸರಿಯಲ್ಲ, ಏಕೆಂದರೆ ಕೆಲವು ಸಲ ನಿಜವಾಗಿಯೂ ಕೆಲವರಿಗೆ ಗೊತ್ತಿರುತ್ತದೆ. ಅಂಥ ಒಂದು ಪ್ರಕರಣ ನಮ್ಮ ದೇಶದ್ದೇ. ಅದಕ್ಕೆ ಮುಂಚೆ ಕೆನಡಿ ಕೊಲೆಯ ಸುತ್ತ ಬೆಳೆದ ಇನ್ನೆರಡು ಮೂರು ಕಥೆಗಳನ್ನು ನೋಡಬಹುದು.

2017ರಲ್ಲಿ ಅಮೆರಿಕ ಸರ್ಕಾರ ಬಹಿರಂಗಪಡಿಸಿದ ಕಡತಗಳಲ್ಲಿ 1963ರ ನವೆಂಬರ್ 26ರ ಒಂದು ಟಿಪ್ಪಣಿ ಇತ್ತು. ಕೊಲೆ ನಡೆದ ದಿನ ಇಂಗ್ಲೆಂಡಿನ ‘ಕೇಂಬ್ರಿಜ್ ನ್ಯೂಸ್’ ಪತ್ರಿಕೆಯ ವರದಿಗಾರನಿಗೆ ಯಾರೋ ಅನಾಮಧೇಯರು ದೂರವಾಣಿ ಕರೆ ಮಾಡಿ, ಲಂಡನ್ನಿನ ಅಮೆರಿಕ ರಾಯಭಾರ ಕಚೇರಿಯನ್ನು ವಿಚಾರಿಸಿ, ದೊಡ್ಡ ಸುದ್ದಿಯಿದೆ ಎಂದಷ್ಟೇ ಹೇಳಿ ಇಟ್ಟುಬಿಟ್ಟರಂತೆ. ಕರೆ ಬಂದದ್ದು ಅಲ್ಲಿನ ವೇಳೆ ಸಂಜೆ 6 ಗಂಟೆ 5 ನಿಮಿಷಕ್ಕೆ. ಗುಂಡು ಹಾರಿದ್ದು ಆರೂವರೆಗೆ. ಇಪ್ಪತ್ತೈದು ನಿಮಿಷ ಮೊದಲು! ಮೈ ಜುಮ್ಮೆನ್ನುವ ಸಂಗತಿಯೇ. ಆದರೆ ಕರೆಯಲ್ಲಿ ಕೆನಡಿಯವರ ಹೆಸರಿಲ್ಲ, ಡಲ್ಲಾಸ್ ಇಲ್ಲ, ಕೊಲೆ ಎಂಬ ಮಾತೂ ಇಲ್ಲ. ಇಡೀ ಕಥೆ ನಿಂತಿರುವುದು ವೇಳೆಯ ಮೇಲೆ. ಆ ವೇಳೆ ಯಂತ್ರದಲ್ಲಿ ದಾಖಲಾದದ್ದಲ್ಲ, ಜಗತ್ತೇ ತಲ್ಲಣಿಸಿದ ಒಂದು ಸಂಜೆಯನ್ನು ನೆನೆದು ಮನುಷ್ಯನೊಬ್ಬ ಹೇಳಿದ್ದು. ಅದು ಒಂದು ಗಂಟೆ ಆಚೆಗೆ ಸರಿದರೆ, 7 ಗಂಟೆ 5 ನಿಮಿಷಕ್ಕೆ ಗುಂಡಿನ ಸುದ್ದಿ ತಂತಿಯಲ್ಲಿ ಹರಿದು ಅರ್ಧ ಗಂಟೆ ಆಗಿತ್ತು. ಆಗ ಆ ಕರೆಯಲ್ಲಿ ಏನೂ ವಿಶೇಷವಿಲ್ಲ. ಕರೆಯನ್ನು ತೆಗೆದುಕೊಂಡವರು ಯಾರೆಂಬ ದಾಖಲೆ ತನ್ನಲ್ಲಿಲ್ಲ ಎಂದು 2017ರಲ್ಲಿ ಆ ಪತ್ರಿಕೆ ಹೇಳಿತು. ಇನ್ನೊಂದು ಪ್ರಶ್ನೆಯೂ ಉಂಟು. ಅಮೆರಿಕದ ಅಧ್ಯಕ್ಷರನ್ನು ಕೊಲ್ಲಲು ಹೊರಟ ಗುಪ್ತ ತಂಡಕ್ಕೆ, ಕೆಲಸ ಮುಗಿಯುವ ಮುನ್ನವೇ ಇಂಗ್ಲೆಂಡಿನ ಜಿಲ್ಲಾ ಮಟ್ಟದ ಪತ್ರಿಕೆಯೊಂದಕ್ಕೆ ಸುಳಿವು ಕೊಡುವ ದರ್ದು ಏನಿತ್ತು?

ಜೀನ್ ಡಿಕ್ಸನ್ ಎಂಬ ಭವಿಷ್ಯಗಾರ್ತಿಯ ಕಥೆಯನ್ನು ಬೇಗ ಮುಗಿಸಬಹುದು. 1960ರಲ್ಲಿ ಡೆಮಾಕ್ರಟಿಕ್ ಪಕ್ಷದವನು ಗೆಲ್ಲುತ್ತಾನೆ, ಅಧಿಕಾರದಲ್ಲಿರುವಾಗಲೇ ಸಾಯುತ್ತಾನೆ ಅಥವಾ ಕೊಲೆಯಾಗುತ್ತಾನೆ ಎಂಬ ಆಕೆಯ ಭವಿಷ್ಯ 1956ರಲ್ಲೇ ‘ಪರೇಡ್’ ಪತ್ರಿಕೆಯಲ್ಲಿ ಬಂದಿತ್ತು. ಇದು ಕೊಲೆಗೆ ಮುಂಚೆ ಅಚ್ಚಾದ ಮಾತು, ಅಲ್ಲಗಳೆಯಲಾಗದು. ಆದರೆ 1840ರಿಂದ 1940ರವರೆಗೆ ಇಪ್ಪತ್ತು ವರ್ಷಕ್ಕೊಮ್ಮೆ ಚುನಾಯಿತರಾದ ಹ್ಯಾರಿಸನ್, ಲಿಂಕನ್, ಗಾರ್ಫೀಲ್ಡ್, ಮೆಕಿನ್ಲೆ, ಹಾರ್ಡಿಂಗ್, ರೂಸ್‌ವೆಲ್ಟ್ ಇವರೆಲ್ಲ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. ಆ ಸರಪಳಿಗೆ ಇನ್ನೊಂದು ಕೊಂಡಿ ಸೇರಿಸಲು ದಿವ್ಯದೃಷ್ಟಿ ಬೇಕಿರಲಿಲ್ಲ. 1960ರ ಚುನಾವಣೆ ಹತ್ತಿರವಾದಾಗ ಕೆನಡಿ ಗೆಲ್ಲುವುದಿಲ್ಲ ಎಂದೂ ಆಕೆಯೇ ಹೇಳಿದ್ದರು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಇವುಗಳಿಗಿಂತ ಗಟ್ಟಿಯಾದದ್ದು ಜೋಸೆಫ್ ಮಿಲ್ಟಿಯರ್ ಪ್ರಕರಣ. ಜಾರ್ಜಿಯಾ ರಾಜ್ಯದ ಈ ಉಗ್ರ ಬಲಪಂಥೀಯ 1963ರ ನವೆಂಬರ್ 9ರಂದು ಮಿಯಾಮಿಯಲ್ಲಿ ಪೊಲೀಸರ ಗುಪ್ತ ಮಾಹಿತಿದಾರನೊಬ್ಬನ ಜೊತೆ ಆಡಿದ ಮಾತು ಧ್ವನಿಸುರುಳಿಯಲ್ಲಿ ಉಳಿದಿದೆ. ಅಧ್ಯಕ್ಷರನ್ನು ಕೊಲ್ಲುವುದು ಹೇಗೆ ಎಂದು ಕೇಳಿದರೆ, ಎತ್ತರದ ಕಚೇರಿ ಕಟ್ಟಡದಿಂದ ಬಲವಾದ ರೈಫಲಿನಿಂದ ಎಂದು ಆತ ಹೇಳುತ್ತಾನೆ. ಹದಿಮೂರು ದಿನಗಳ ನಂತರ ಹಾಗೆಯೇ ಆಯಿತು. ಇಲ್ಲಿ ಗಡಿಯಾರದ ತಕರಾರಿಲ್ಲ, ನೆನಪಿನ ತಕರಾರೂ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಆ ದಿನ ಆತನಿಗೆ ಏನು ತಿಳಿದಿರಲು ಸಾಧ್ಯವಿತ್ತು?

ಮಾತುಕತೆ ನಡೆದದ್ದು ಕೆನಡಿಯವರ ಮಿಯಾಮಿ ಭೇಟಿಯನ್ನು ಕುರಿತು, ಡಲ್ಲಾಸ್ ಕುರಿತಲ್ಲ. ಹಂತಕನಾಗಬಲ್ಲವನೆಂದು ಆತ ಸೂಚಿಸಿದ್ದು ಓಸ್ವಾಲ್ಡ್‌ನನ್ನಲ್ಲ, ಬೇರೊಬ್ಬನನ್ನು. ಡಲ್ಲಾಸಿನಲ್ಲಿ ಅಧ್ಯಕ್ಷರ ಭೋಜನಕೂಟ ಎಲ್ಲಿ ನಡೆಯಬೇಕೆಂಬುದು ತೀರ್ಮಾನವಾದದ್ದೇ ನವೆಂಬರ್ 14ಕ್ಕೆ. ಮೆರವಣಿಗೆ ಹೋಗುವ ದಾರಿ ಅಲ್ಲಿನ ಪತ್ರಿಕೆಗಳಲ್ಲಿ ಪ್ರಕಟವಾದದ್ದು 19ಕ್ಕೆ. ಓಸ್ವಾಲ್ಡ್ ಆ ದಾರಿಯ ಪಕ್ಕದ ಪುಸ್ತಕ ಮಳಿಗೆಯ ಕಟ್ಟಡದಲ್ಲಿ ಕೂಲಿಗೆ ಸೇರಿದ್ದು ಅದಕ್ಕೂ ಮುಂಚೆ, ಅಕ್ಟೋಬರ್ 16ರಂದು, ಅದೂ ನೆರೆಹೊರೆಯ ಹೆಂಗಸರ ಮಾತಿನಲ್ಲಿ ಬಂದ ಸುಳಿವು ಹಿಡಿದು. ಕಟ್ಟಡದಿಂದ ರೈಫಲು ಎಂಬ ಕಲ್ಪನೆ ಆಗ ಯಾರಿಗಾದರೂ ಬರುವಂಥದ್ದಾಗಿತ್ತು. ಕೊಲೆಯಾದ ದಿನ ಬೆಳಗ್ಗೆ ಕೆನಡಿಯವರೇ ತಮ್ಮ ಆಪ್ತರೊಡನೆ, ಎತ್ತರದ ಕಟ್ಟಡದಲ್ಲಿ ರೈಫಲ್ ಹಿಡಿದು ಕೂತವನನ್ನು ಯಾರೂ ತಡೆಯಲಾರರು ಎಂಬರ್ಥದ ಮಾತಾಡಿದ್ದರು. ಮಿಲ್ಟಿಯರ್‌ಗೆ ಅನ್ವಯಿಸುವ ತರ್ಕವನ್ನೇ ಹಿಡಿದರೆ ಅಧ್ಯಕ್ಷರನ್ನೂ ಸಂಚಿನಲ್ಲಿ ಸೇರಿಸಬೇಕಾದೀತು.

ಇಲ್ಲಿ ಲೆಕ್ಕದ ಮಾತೊಂದಿದೆ. 1963ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಅಧ್ಯಕ್ಷರ ಜೀವಕ್ಕೆ ಅಪಾಯವಿರಬಹುದೆಂಬ ನಾನೂರಕ್ಕೂ ಹೆಚ್ಚು ಮಾಹಿತಿಗಳು ಭದ್ರತಾ ಇಲಾಖೆಗೆ ಬಂದಿದ್ದವೆಂದು ಮುಂದೆ ತನಿಖೆ ನಡೆಸಿದ ಅಮೆರಿಕದ ಸಂಸದೀಯ ಸಮಿತಿ ದಾಖಲಿಸಿದೆ. ನಾನೂರು ಜನ ನಾನೂರು ಬಗೆಯಲ್ಲಿ ಹೇಳಿದಾಗ ಒಂದಾದರೂ ನಡೆದದ್ದಕ್ಕೆ ಹತ್ತಿರ ಬಾರದಿದ್ದರೆ ಅದೇ ಆಶ್ಚರ್ಯ. ಕೊಲೆಯ ನಂತರ ಆ ಒಂದನ್ನು ಮಾತ್ರ ರಾಶಿಯಿಂದ ಹೆಕ್ಕಿ ಮೇಜಿನ ಮೇಲಿಟ್ಟರೆ ಅದು ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತದೆ. ರಾಶಿಯ ಒಳಗಿದ್ದಾಗ ಹಾಗಿರಲಿಲ್ಲ. ಹಾಗೆಂದು ಭದ್ರತಾ ಇಲಾಖೆಯನ್ನು ಪೂರ್ತಿ ಬಿಟ್ಟುಕೊಡುವಂತಿಲ್ಲ. ಮಿಲ್ಟಿಯರ್‌ನ ಮಾತು ಟೆಕ್ಸಾಸ್ ಪ್ರವಾಸದ ಸಿದ್ಧತೆ ನೋಡಿಕೊಳ್ಳುತ್ತಿದ್ದ ಅಧಿಕಾರಿಗಳಿಗೆ ತಲುಪಲೇ ಇಲ್ಲ ಎಂಬುದನ್ನೂ ಅದೇ ಸಮಿತಿ ಹೇಳಿತು.

ಸ್ವಪ್ನ, ಶಕುನಗಳ ಕಥೆಗಳಲ್ಲಿ ಲಿಂಕನ್ನರದು ಅತ್ಯಂತ ಪ್ರಸಿದ್ಧ. ಶ್ವೇತಭವನದಲ್ಲಿ ಅಳುವ ಸದ್ದು ಕೇಳಿ ಹೋಗಿ ನೋಡಿದರೆ ಅಲ್ಲೊಂದು ಶವ, ಯಾರದೆಂದು ಕೇಳಿದರೆ ಕೊಲೆಯಾದ ಅಧ್ಯಕ್ಷರದು ಎಂಬ ಉತ್ತರ. ಸಾಯುವ ಕೆಲವೇ ದಿನ ಮೊದಲು ಲಿಂಕನ್ ಈ ಕನಸನ್ನು ಹೇಳಿಕೊಂಡರೆಂದು ಅವರ ಗೆಳೆಯ ವಾರ್ಡ್ ಹಿಲ್ ಲ್ಯಾಮನ್ ಬರೆದಿದ್ದಾರೆ. ಅವರ ಪುಸ್ತಕ ಬಂದದ್ದು 1895ರಲ್ಲಿ, ಕೊಲೆಯಾಗಿ ಮೂವತ್ತು ವರ್ಷಕ್ಕೆ. ಅದರ ಪ್ರಕಾರ ಕನಸು ಬಿದ್ದದ್ದು ಹೇಳಿಕೊಳ್ಳುವುದಕ್ಕೆ ಹತ್ತು ದಿನ ಮುಂಚೆ. ಆದರೆ 1865ರ ಮಾರ್ಚ್ ಕೊನೆಯಿಂದ ಏಪ್ರಿಲ್ 9ರವರೆಗೆ ಲಿಂಕನ್ ಹೆಚ್ಚಾಗಿ ಇದ್ದದ್ದು ವರ್ಜೀನಿಯಾದ ಸೇನಾ ನೆಲೆಯ ಬಳಿ, ಶ್ವೇತಭವನದಲ್ಲಲ್ಲ. ಇದಕ್ಕೆ ಎದುರಾಗಿ ಸಚಿವ ಗಿಡಿಯನ್ ವೆಲ್ಸ್ ಅವರ ದಿನಚರಿಯನ್ನು ಇಡಬಹುದು. ಕೊಲೆಯಾದ ದಿನದ ಸಚಿವ ಸಂಪುಟ ಸಭೆಯಲ್ಲಿ ಲಿಂಕನ್ ಒಂದು ಕನಸಿನ ಮಾತೆತ್ತಿದ್ದರೆಂದು ಅದರಲ್ಲಿದೆ. ಯಾವುದೋ ಹಡಗಿನಲ್ಲಿ ಮಬ್ಬುತೀರದ ಕಡೆಗೆ ಸಾಗಿದಂತೆ. ಅದನ್ನು ಲಿಂಕನ್ ಅರ್ಥ ಮಾಡಿದ್ದು ಯುದ್ಧರಂಗದಿಂದ ಶುಭವಾರ್ತೆ ಬರುತ್ತದೆಂದು! ಹೊತ್ತಿಗೆ ಹತ್ತಿರದಲ್ಲಿ ಬರೆದದ್ದು ಮಬ್ಬಾಗಿದೆ, ತಪ್ಪು ದಿಕ್ಕನ್ನೂ ತೋರುತ್ತದೆ. ಮೂವತ್ತು ವರ್ಷ ಕಳೆದು ಬಂದದ್ದು ಮಾತ್ರ ನಾಟಕದ ದೃಶ್ಯದಂತೆ ಅಚ್ಚುಕಟ್ಟಾಗಿದೆ.

ಇಂದಿರಾ ಗಾಂಧಿಯವರು 1984ರ ಅಕ್ಟೋಬರ್ 30ರಂದು ಭುವನೇಶ್ವರದಲ್ಲಿ ಸಾವಿನ ಮಾತಾಡಿ ಮರುದಿನವೇ ಹತ್ಯೆಗೀಡಾದದ್ದನ್ನು ನಮ್ಮಲ್ಲಿ ಇಂದಿಗೂ ಮುನ್ಸೂಚನೆ ಎಂದು ಹೇಳುವವರಿದ್ದಾರೆ. ಆ ವರ್ಷದ ಜೂನಿನಲ್ಲಿ ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿದ ಮೇಲೆ ಅವರ ಜೀವಕ್ಕೆ ಅಪಾಯವಿದೆಯೆಂಬುದು ದೇಶಕ್ಕೆಲ್ಲ ಗೊತ್ತಿದ್ದ ಮಾತು. ಸದಾ ಬೆದರಿಕೆಯ ನೆರಳಿನಲ್ಲಿ ಬದುಕುವವರು ಸಾವಿನ ಮಾತನ್ನು ಹಲವು ಸಲ ಆಡಿರುತ್ತಾರೆ. ಕೊನೆಯ ಸಲ ಆಡಿದ್ದು ಮಾತ್ರ ಜನರ ನೆನಪಿನಲ್ಲಿ ನಿಲ್ಲುತ್ತದೆ.

ಇನ್ನು ನಿಜವಾಗಿ ಗೊತ್ತಿದ್ದವರ ಪ್ರಕರಣ.

1948ರ ಜನವರಿ 20ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯ ಪ್ರಾರ್ಥನಾ ಸಭೆ ನಡೆಯುತ್ತಿದ್ದಾಗ ಕಾಂಪೌಂಡ್ ಗೋಡೆಯ ಬಳಿ ಸ್ಫೋಟವಾಯಿತು. ಸ್ಫೋಟಿಸಿದ ಮದನಲಾಲ್ ಪಾಹ್ವಾ ಎಂಬ ನಿರಾಶ್ರಿತ ಯುವಕ ಅಲ್ಲೇ ಸಿಕ್ಕಿಬಿದ್ದ. ಅವನ ಜೊತೆ ಬಂದಿದ್ದ ಆರು ಮಂದಿ ತಪ್ಪಿಸಿಕೊಂಡರು. ಮರುದಿನ ಮುಂಬಯಿಯಲ್ಲಿ ಪತ್ರಿಕೆ ಓದಿದ ರುಯಿಯಾ ಕಾಲೇಜಿನ ಪ್ರಾಧ್ಯಾಪಕ ಜಗದೀಶಚಂದ್ರ ಜೈನ್ ಅವರ ಎದೆ ಧಸಕ್ಕೆಂದಿತು. ಮದನಲಾಲ್ ಅವರಿಗೆ ಪರಿಚಿತ. ಹೊಟ್ಟೆಪಾಡಿಗೆಂದು ಜೈನರ ಪುಸ್ತಕಗಳನ್ನು ಮಾರುತ್ತಿದ್ದವನು. ಒಂದು ವಾರದ ಕೆಳಗಷ್ಟೇ ಅವನು, ಪ್ರಾರ್ಥನಾ ಸಭೆಯಲ್ಲಿ ತಾನು ಬಾಂಬು ಹಾಕಿ ಗಲಿಬಿಲಿ ಎಬ್ಬಿಸುವುದಾಗಿಯೂ, ಆಗ ಉಳಿದವರು ಗಾಂಧೀಜಿಯನ್ನು ಮುಗಿಸುವುದಾಗಿಯೂ ಅವರೆದುರು ಬಡಾಯಿ ಕೊಚ್ಚಿದ್ದ. ಮನೆಮಠ ಕಳೆದುಕೊಂಡ ಹುಡುಗನ ಆವೇಶವೆಂದು ಜೈನ್ ಬುದ್ಧಿ ಹೇಳಿ ಕಳಿಸಿದ್ದರು. ಆದರೂ ಮನಸ್ಸು ತಡೆಯದೆ ಸ್ನೇಹಿತ ಅಂಗದ್ ಸಿಂಗ್ ಅವರಿಗೆ ತಿಳಿಸಿದ್ದರು. ಜನವರಿ 21ರಂದು ಅವರು ಮುಂಬಯಿ ಪ್ರಾಂತ್ಯದ ಪ್ರಧಾನಿ ಬಿ. ಜಿ. ಖೇರ್ ಮತ್ತು ಗೃಹಮಂತ್ರಿ ಮೊರಾರ್ಜಿ ದೇಸಾಯಿ ಅವರನ್ನು ಕಂಡು ತಿಳಿದದ್ದನ್ನೆಲ್ಲ ಹೇಳಿದರು. ಗಾಂಧೀಜಿಯ ಆಯುಷ್ಯದಲ್ಲಿ ಆಗ ಇನ್ನೂ ಒಂಬತ್ತು ದಿನ ಉಳಿದಿತ್ತು.

ಜೈನರ ಮಾತನ್ನು ನಂಬಲು ಕಾರಣಗಳೇನು? ಕೊಲೆಗೆ ಮುಂಚೆ, ಹೆಸರುಳ್ಳ ಜವಾಬ್ದಾರಿ ಸ್ಥಾನದ ವ್ಯಕ್ತಿಗಳಿಗೆ ಹೇಳಿದ್ದು, ಅವರೂ ಅದನ್ನು ಒಪ್ಪಿಕೊಂಡದ್ದು ಒಂದು. ಆ ಮಾತು ಹೇಳಿದವರಿಗೇ ಮುಜುಗರ ತರುವಂಥದ್ದು. ಒಂದು ವಾರ ಪೊಲೀಸರಿಗೆ ತಿಳಿಸದೆ ಸುಮ್ಮನಿದ್ದುದನ್ನು ಅವರು ಒಪ್ಪಿಕೊಳ್ಳಬೇಕಾಯಿತು. ಎಲ್ಲಕ್ಕಿಂತ ದೊಡ್ಡ ಕಾರಣ, ಅವರು ಹೇಳಿದ್ದು ಅರೆಬರೆಯಾಗಿತ್ತು. ಮದನಲಾಲ್ ಗೊತ್ತು, ಅವನ ಜೊತೆಗಾರ ಅಹಮದ್‌ನಗರದ ಕರ್ಕರೆ ಗೊತ್ತು. ನಾಥೂರಾಮ್ ಗೋಡ್ಸೆ ಎಂಬ ಹೆಸರು ಅವರ ಮಾತಿನಲ್ಲಿ ಎಲ್ಲೂ ಇಲ್ಲ. ಕಥೆ ಕಟ್ಟುವವನು ಕೊಲೆಗಾರನ ಹೆಸರನ್ನು ಬಿಡುತ್ತಿದ್ದನೇ? ಸಂಚಿನ ಅಂಚಿನಲ್ಲಿದ್ದ ಒಬ್ಬನ ಬಾಯಿಂದ ಕೇಳಿದವನಿಗೆ ಎಷ್ಟು ತಿಳಿಯಲು ಸಾಧ್ಯವೋ ಜೈನರಿಗೆ ಅಷ್ಟೇ ತಿಳಿದಿತ್ತು.

ಇದನ್ನು 1964ರ ಇನ್ನೊಂದು ಹೇಳಿಕೆಯೊಡನೆ ಹೋಲಿಸಬೇಕು. ಶಿಕ್ಷೆ ಮುಗಿಸಿ ಬಂದ ಗೋಪಾಲ ಗೋಡ್ಸೆ ಮತ್ತಿತರರಿಗಾಗಿ ಆ ವರ್ಷ ನವೆಂಬರ್ 12ರಂದು ಪುಣೆಯಲ್ಲಿ ಪೂಜೆ, ಸಮಾರಂಭ ನಡೆಯಿತು. ಅಲ್ಲಿ ತಿಲಕರ ಮೊಮ್ಮಗ, ಪತ್ರಕರ್ತ ಜಿ. ವಿ. ಕೇತ್ಕರ್ ಅವರು, ಗಾಂಧೀಜಿಯನ್ನು ಕೊಲ್ಲುವ ವಿಚಾರವನ್ನು ನಾಥೂರಾಮ್ ತಮ್ಮೊಡನೆ ಮೊದಲೇ ಚರ್ಚಿಸಿದ್ದನೆಂದರು. ತಾವು ಅದನ್ನು ಒಪ್ಪಲಿಲ್ಲವೆಂದೂ, ಬಾಳೂಕಾಕಾ ಕಾನೇಟ್ಕರ್ ಅವರ ಮೂಲಕ ಖೇರರಿಗೆ ಸುದ್ದಿ ಮುಟ್ಟಿಸಿದ್ದೆವೆಂದೂ ಅವರ ವಾದ. ಇಲ್ಲಿ ನಾಥೂರಾಮನ ಹೆಸರಿದೆ, ಉದ್ದೇಶವಿದೆ, ವಾದವಿವಾದವೂ ಇದೆ, ಎಲ್ಲವೂ ಪೂರ್ಣ. ಆದರೆ ಹೊರಬಂದದ್ದು ಹದಿನಾರು ವರ್ಷಗಳ ನಂತರ, ಅದೂ ಬಿಡುಗಡೆಯಾದವರನ್ನು ಸನ್ಮಾನಿಸುವ ಸಭೆಯಲ್ಲಿ. ಯಾರಿಗೆ ತಿಳಿಸಿದೆವೆಂದು ಹೇಳಿದರೋ ಆ ಖೇರರು 1957ರಲ್ಲೇ ತೀರಿಕೊಂಡಿದ್ದರು. ಕೇತ್ಕರ್ ಹೇಳಿದ್ದೆಲ್ಲ ಸುಳ್ಳೆಂದು ಇದರ ಅರ್ಥವಲ್ಲ. ನಾಥೂರಾಮನ ಪರಿಚಯದವರು ಅವರು, ಕೇಳಿದ್ದರೂ ಕೇಳಿರಬಹುದು. ಕೇಳಿದ್ದಕ್ಕಿಂತ ತಡೆಯಲು ಯತ್ನಿಸಿದೆ ಎಂಬ ಭಾಗವನ್ನು ಹೆಚ್ಚು ಎಚ್ಚರದಿಂದ ನೋಡಬೇಕಾಗುತ್ತದೆ, ಅಷ್ಟೇ.

ಈ ಹೇಳಿಕೆ ಸಂಸತ್ತಿನಲ್ಲೂ ಮಹಾರಾಷ್ಟ್ರದ ವಿಧಾನಸಭೆಯಲ್ಲೂ ಕೋಲಾಹಲ ಎಬ್ಬಿಸಿತು. ಯಾರಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದವರು ಯಾರಿಗೆ ಹೇಳಿದರು, ಕೇಳಿದವರು ಏನು ಮಾಡಿದರು ಎಂಬುದನ್ನೇ ವಿಚಾರಿಸಲು ಸರ್ಕಾರ ಆಯೋಗ ನೇಮಿಸಬೇಕಾಯಿತು. ನ್ಯಾಯಮೂರ್ತಿ ಜೀವನಲಾಲ್ ಕಪೂರ್ 1966ರಲ್ಲಿ ಅದರ ಹೊಣೆ ಹೊತ್ತು 1969ರಲ್ಲಿ ವರದಿ ಕೊಟ್ಟರು. ಓದಲು ತಾಳ್ಮೆ ಬೇಡುವ ದೊಡ್ಡ ವರದಿ. ಆದರೆ ಜನವರಿ 20 ಮತ್ತು 30ರ ನಡುವಿನ ಹತ್ತು ದಿನಗಳಲ್ಲಿ ಏನೇನಾಯಿತು ಎಂಬುದನ್ನು ತಿಳಿಯಲು ಅದಕ್ಕಿಂತ ಒಳ್ಳೆಯ ಆಕರವಿಲ್ಲ.

ಆ ಹತ್ತು ದಿನಗಳಲ್ಲಿ ತಿಳಿವಳಿಕೆ ಮೂರು ಊರುಗಳಲ್ಲಿ ಹಂಚಿಹೋಗಿತ್ತು. ದೆಹಲಿಯ ಪೊಲೀಸರ ಕೈಯಲ್ಲಿ ಮದನಲಾಲ್ ಇದ್ದ. ಕರ್ಕರೆಯ ಹೆಸರನ್ನೂ ಪುಣೆಯ ಒಂದು ಮರಾಠಿ ಪತ್ರಿಕೆಯ ವಿಷಯವನ್ನೂ ಅವನು ಬಾಯಿಬಿಟ್ಟಿದ್ದ. ಮರೀನಾ ಹೋಟೆಲಿನ ಕೋಣೆಯಲ್ಲಿ ಬಿಟ್ಟುಹೋದ ಬಟ್ಟೆಗಳಲ್ಲಿ ಅಗಸನ ಗುರುತಾಗಿ ‘ಎನ್.ವಿ.ಜಿ.’ ಎಂಬ ಅಕ್ಷರಗಳಿದ್ದವು. ಮುಂಬಯಿಯಲ್ಲಿ ಜೈನರ ಮಾಹಿತಿ ಇತ್ತು. ಮೊರಾರ್ಜಿಯವರು ಅದನ್ನು ಅಂದೇ ಸಂಜೆ ಅಹಮದಾಬಾದಿಗೆ ಹೊರಟಾಗ ರೈಲು ನಿಲ್ದಾಣದಲ್ಲಿ ಪೊಲೀಸ್ ಅಧಿಕಾರಿ ನಗರವಾಲಾ ಅವರಿಗೆ ಹೇಳಿದರು, ಆದರೆ ಜೈನರ ಕೋರಿಕೆಯಂತೆ ಹೇಳಿದವರ ಹೆಸರನ್ನು ಮುಚ್ಚಿಟ್ಟರು. ಹಾಗಾಗಿ ತನಿಖೆಗಾರ ಜೈನರನ್ನು ಮತ್ತೊಮ್ಮೆ ಕೇಳುವ ದಾರಿಯೇ ಮುಚ್ಚಿತು. ದೆಹಲಿಯಿಂದ ಮುಂಬಯಿಗೆ ಬಂದ ಇಬ್ಬರು ಪೊಲೀಸರು ಹೆಚ್ಚು ಕೆಲಸವಾಗದೆ ಹಿಂತಿರುಗಿದರು. ನಗರವಾಲಾ ಅವರಿಗಂತೂ ಇದು ಗಾಂಧೀಜಿಯನ್ನು ಅಪಹರಿಸುವ ಸಂಚು ಎಂಬ ಭಾವನೆ ಬಲಿಯಿತು. ಪುಣೆಯ ಆ ಪತ್ರಿಕೆಯ ಸಂಪಾದಕ ನಾಥೂರಾಮ್ ವಿನಾಯಕ ಗೋಡ್ಸೆ, ವ್ಯವಸ್ಥಾಪಕ ನಾರಾಯಣ ಆಪ್ಟೆ ಎಂಬುದು ಮುಂಬಯಿ ಸರ್ಕಾರದ ಪತ್ರಿಕೆಗಳ ಪಟ್ಟಿಯಲ್ಲೇ ಇತ್ತು. ಪಟ್ಟಿ ತೆಗೆದು ನೋಡಿದವರಿಲ್ಲ. ಇತ್ತ ಬಿರ್ಲಾ ಭವನದಲ್ಲಿ ಕಾವಲು ಹೆಚ್ಚಿತು. ಸಭೆಗೆ ಬರುವವರನ್ನು ಶೋಧಿಸಲು ಗಾಂಧೀಜಿ ಒಪ್ಪಲಿಲ್ಲ.

ಪಿತೂರಿಯ ಕಣ್ಣಿನಿಂದ ನೋಡುವವರಿಗೆ ಇದೆಲ್ಲ ಬೇಕೆಂದೇ ಕಣ್ಣು ಮುಚ್ಚಿದಂತೆ ಕಂಡಿದೆ. ಆದರೆ ಬೇಕೆಂದೇ ಮಾಡಿದ್ದಾದರೆ ದೆಹಲಿಯಿಂದ ಪೊಲೀಸರನ್ನು ಅಟ್ಟುವುದೇಕೆ, ಮಂತ್ರಿಗಳು ಸಂಜೆಯೊಳಗೆ ಅಧಿಕಾರಿಯನ್ನು ಕರೆಸುವುದೇಕೆ, ಕರ್ಕರೆಗಾಗಿ ಹುಡುಕಾಟ ನಡೆಸುವುದೇಕೆ? ಕೆಂಪುಕೋಟೆಯಲ್ಲಿ ವಿಚಾರಣೆ ನಡೆಸಿ 1949ರ ಫೆಬ್ರವರಿ 10ರಂದು ತೀರ್ಪಿತ್ತ ನ್ಯಾಯಾಧೀಶ ಆತ್ಮಚರಣ್ ಅವರೂ ಆ ಹತ್ತು ದಿನಗಳ ತನಿಖೆಯ ಸಡಿಲತನವನ್ನೇ ಎತ್ತಿ ಆಡಿದರು. ಸಡಿಲತನ ಪಿತೂರಿಗಿಂತ ಸಣ್ಣ ಅಪರಾಧವೇನಲ್ಲ, ಆದರೆ ಅದು ಬೇರೆ ಅಪರಾಧ.

ಪುಣೆಯ ಸಿಐಡಿಯ ಡಿಐಜಿ ಯು. ಎಚ್. ರಾಣಾ ಆ ದಿನಗಳಲ್ಲಿ ದೆಹಲಿಯಲ್ಲೇ ಇದ್ದರು. ಗೋಡ್ಸೆಯ ಊರಿನ ಹೊಣೆ ಹೊತ್ತ ಅಧಿಕಾರಿ ಅವರು. ಮದನಲಾಲನ ಹೇಳಿಕೆಯ ಪ್ರತಿ ಅವರ ಕೈಗೆ ಬಂತು. ಅದನ್ನು ಓದಿ ಪುಣೆಗೆ ಒಂದು ದೂರವಾಣಿ ಕರೆ ಮಾಡಿದ್ದರೂ ಆ ಪತ್ರಿಕೆ ಯಾರದೆಂದು ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಅವರು ಕರೆ ಮಾಡಲಿಲ್ಲ, ವಿಮಾನವನ್ನೂ ಹಿಡಿಯಲಿಲ್ಲ. ಹೇಳಿಕೆಯನ್ನು ಜೊತೆಯಲ್ಲಿಟ್ಟುಕೊಂಡು ಅಲಹಾಬಾದಿನ ಸುತ್ತುದಾರಿಯಲ್ಲಿ ರೈಲಿನಲ್ಲಿ ಹೊರಟು ಜನವರಿ 27ರಂದು ಮುಂಬಯಿ ತಲುಪಿದರು. ಅದೇ 27ರಂದು ಗೋಡ್ಸೆ ಮತ್ತು ಆಪ್ಟೆ ಸುಳ್ಳು ಹೆಸರುಗಳಲ್ಲಿ ಟಿಕೆಟು ಕೊಂಡು ಮುಂಬಯಿಯಿಂದ ದೆಹಲಿಗೆ ವಿಮಾನ ಹತ್ತಿದರು.